ಸೈಕಲ್ಲಿಗೆ ಇಂಜಿನ್ ಮತ್ತು ಟಾರ್ಕ್ ಕನ್ವರ್ಟರ್ ಕೂರಿಸುವುದು: ಹಿಂದಿನ ಚಕ್ರದಿಂದ ಶುರು ಮಾಡಿ

ಅಡಿಕೆಗೆ ಮದ್ದು ಹೊಡೆಯುವ ನಮ್ಮ ಯಂತ್ರದ ಪಂಪು ಕೈಕೊಟ್ಟು ಎರಡು ವರ್ಷ ಆಗಿತ್ತು. ಆದರೆ ಅದರ ಪೆಟ್ರೋಲ್ ಇಂಜಿನ್ ಇನ್ನೂ ಒಂದೇ ಎಳೆತಕ್ಕೆ ಶುರುವಾಗುತ್ತಿತ್ತು. ನಮ್ಮದು ಸಾಗರದ ಹತ್ತಿರ ಸಣ್ಣ ತೋಟ. ಮನೆಯಿಂದ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಒಂದು ಕಿಲೋಮೀಟರ್ ಮಣ್ಣುದಾರಿ, ಅರ್ಧಕ್ಕರ್ಧ ಏರು. ದಿನಕ್ಕೆರಡು ಸಲ ಸೈಕಲ್ ತುಳಿದು ಮಂಡಿ ಸೋತಿತ್ತು. ಇಂಜಿನ್ನನ್ನು ಗೋಣಿಯಲ್ಲಿ ಸುತ್ತಿಕೊಂಡು ಪೇಟೆಯ ಲೇತ್ ಅಂಗಡಿಗೆ ಹೋದೆ. ಮೇಸ್ತ್ರಿ ಗೋಣಿ ಬಿಚ್ಚಲೂ ಇಲ್ಲ.

"ಇಂಜಿನ್ ಹಾಗಿರ್ಲಿ ಮಾರಾಯ್ರೆ. ಹಿಂದಿನ ಚಕ್ರ ಎಲ್ಲಿ?"

ಆಗ ಈ ಮಾತು ಅರ್ಥ ಆಗಲಿಲ್ಲ. ಆರು ತಿಂಗಳು ಕಳೆದು, ಒಂದು ಬೆಲ್ಟ್ ಸುಟ್ಟ ಮೇಲೆ ಅರ್ಥ ಆಯಿತು. ಇಂಥ ಕೆಲಸಕ್ಕೆ ಕೈಹಾಕುವವರೆಲ್ಲ ಮೊದಲು ಇಂಜಿನ್ ತರುತ್ತಾರೆ, ಅದನ್ನು ಫ್ರೇಮಿನೊಳಗೆ ಕೂರಿಸುತ್ತಾರೆ, ಆಮೇಲೆ ಚೈನು ಎಲ್ಲಿಗೆ ಹೋಗಬೇಕು ಅಂತ ತಲೆ ಕೆರೆದುಕೊಳ್ಳುತ್ತಾರೆ. ಕೆಲಸ ನಡೆಯಬೇಕಾದ್ದು ಉಲ್ಟಾ. ಮೊದಲು ಹಿಂದಿನ ಚಕ್ರ, ಅದರ ಲೆಕ್ಕಕ್ಕೆ ನಡುವಿನ ಶಾಫ್ಟ್ (ಇಂಜಿನ್ನಿಗೂ ಚಕ್ರಕ್ಕೂ ಮಧ್ಯೆ ತಿರುಗುವ ಸರಳು), ಅದರ ಲೆಕ್ಕಕ್ಕೆ ಇಂಜಿನ್. ನಾನು ಬರೆಯುತ್ತಿರುವುದೂ ಅದೇ ಕ್ರಮದಲ್ಲಿ.

ಮೊದಲು ಕಾನೂನಿನ ಮಾತು

ಇದನ್ನು ರಸ್ತೆಗೆ ತರುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮಿನ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗೆ 25 ಸಿಸಿ ಮೀರದ ಇಂಜಿನ್ ಇದ್ದರೆ ಮಾತ್ರ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಇಂಜಿನ್ 163 ಸಿಸಿ. ಅಂದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. ಮನೆಯಲ್ಲಿ ವೆಲ್ಡ್ ಮಾಡಿದ ಗಾಡಿಗೆ ಅದೆಲ್ಲ ಸಿಗುವ ಮಾತಲ್ಲ. ಅದೇ ಕಾಯ್ದೆಯಲ್ಲಿ 'ಸಾರ್ವಜನಿಕ ಸ್ಥಳ' ಅಂದರೆ ಜನರಿಗೆ ಓಡಾಡುವ ಹಕ್ಕಿರುವ ಯಾವುದೇ ಜಾಗ. ಹಾಗಾಗಿ ಊರಿನ ಕಾಲುದಾರಿಯೂ ಅದರೊಳಗೆ ಬಂತು. ನನ್ನ ಗಾಡಿ ನಮ್ಮ ಬೇಲಿ ದಾಟುವುದಿಲ್ಲ. ಅಮೆರಿಕದಲ್ಲಿ ಇಂಥ ಸೈಕಲ್ ಕಟ್ಟುವ ಹವ್ಯಾಸ ಜೋರಾಗಿದೆ. ಅಲ್ಲಿ ನಿಯಮ ರಾಜ್ಯಕ್ಕೊಂದು, ಹಲವು ಕಡೆ 50 ಸಿಸಿಯೇ ಗಡಿ. ಅಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ್ದನ್ನು ನೋಡಿಕೊಂಡೇ ಶುರು ಮಾಡುವುದು ಒಳ್ಳೆಯದು.

ಈ ಟಾರ್ಕ್ ಕನ್ವರ್ಟರ್ ಅಂದ್ರೆ ಏನು?

ಆಟೋಮ್ಯಾಟಿಕ್ ಕಾರಿನಲ್ಲಿ ಎಣ್ಣೆ ತುಂಬಿಕೊಂಡು ತಿರುಗುವ ಟಾರ್ಕ್ ಕನ್ವರ್ಟರ್ ಬೇರೆ, ಇದು ಬೇರೆ. ಗೋ ಕಾರ್ಟ್ ಮಂದಿ ಟಾರ್ಕ್ ಕನ್ವರ್ಟರ್ ಅಂತ ಕರೆಯುವುದು ಎರಡು ಪುಲ್ಲಿ ಮತ್ತು ಒಂದು ಬೆಲ್ಟಿನ ಜೋಡಿಯನ್ನು. ನಮ್ಮ ಗೇರಿಲ್ಲದ ಸ್ಕೂಟರುಗಳ ಒಳಗಿರುವುದೂ ಇದೇ ಜಾತಿಯದು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಓಡಿಸಿದವರಿಗೆ ಇದರ ಗುಣ ಗೊತ್ತು. ಗೇರ್ ಹಾಕುವ ಕೆಲಸವಿಲ್ಲ, ಆಕ್ಸಿಲರೇಟರ್ ತಿರುವಿದರೆ ಆಯ್ತು.

ಇಂಜಿನ್ ಶಾಫ್ಟಿನ ಮೇಲೆ ಕೂರುವುದನ್ನು ಮುಂದಿನ ಪುಲ್ಲಿ, ಚೈನಿನ ಕಡೆಗೆ ಇರುವುದನ್ನು ಹಿಂದಿನ ಪುಲ್ಲಿ ಅನ್ನೋಣ. ಮುಂದಿನದರ ಎರಡು ತಟ್ಟೆಗಳ ನಡುವೆ ಬೆಲ್ಟ್ ಇರುತ್ತದೆ. ಇಂಜಿನ್ ನಿಧಾನಕ್ಕೆ ಗುಡುಗುಡು ಅನ್ನುವಾಗ ತಟ್ಟೆಗಳು ದೂರ ಇರುತ್ತವೆ, ಬೆಲ್ಟ್ ಸಡಿಲವಾಗಿ ಸುಮ್ನೆ ಕೂತಿರುತ್ತದೆ. ವೇಗ ಏರಿದಂತೆ ಒಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಒತ್ತುತ್ತವೆ. 2000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2000 ಸುತ್ತಿನ ಸುತ್ತಮುತ್ತ ಬೆಲ್ಟ್ ಹಿಡಿತಕ್ಕೆ ಸಿಗುತ್ತದೆ. ಇನ್ನೂ ವೇಗ ಏರಿದರೆ ಬೆಲ್ಟ್ ತಟ್ಟೆಯ ಅಂಚಿನ ಕಡೆಗೆ ಏರುತ್ತದೆ. ಅದರ ಉದ್ದ ಬದಲಾಗುವುದಿಲ್ಲವಲ್ಲ, ಹಾಗಾಗಿ ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗನ್ನು ಮಣಿಸಿ ಒಳಕ್ಕೆ ಇಳಿಯುತ್ತದೆ. ಏರು ಸಿಕ್ಕಿ ಭಾರ ಬಿದ್ದರೆ ಹಿಂದಿನ ಪುಲ್ಲಿಯ ಸ್ಪ್ರಿಂಗ್ ಮತ್ತು ಕ್ಯಾಮ್ (ಓರೆ ಅಂಚಿನ ತುಂಡು) ಬೆಲ್ಟನ್ನು ಅಲ್ಲಿ ಮತ್ತೆ ಹೊರ ಅಂಚಿಗೆ ತಳ್ಳುತ್ತವೆ. ಅದೇ ಗೇರ್ ಇಳಿಸಿದ ಹಾಗೆ.

ಸಣ್ಣ ಇಂಜಿನ್‌ಗಳಿಗೆ ಹೆಚ್ಚು ಬಳಕೆಯಲ್ಲಿರುವುದು 30 ಸರಣಿಯ ಕಿಟ್. ಶುರುವಿನಲ್ಲಿ ಅದರ ಅನುಪಾತ ಸುಮಾರು 2.7ಕ್ಕೆ 1, ಅಂದರೆ ಇಂಜಿನ್ 2.7 ಸುತ್ತು ತಿರುಗಿದರೆ ಹಿಂದಿನ ಪುಲ್ಲಿ ಒಂದು ಸುತ್ತು; ಪೂರ್ತಿ ವೇಗದಲ್ಲಿ 0.9ಕ್ಕೆ 1. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಕೊಳ್ಳುವ ಮೊದಲು ಶಾಫ್ಟ್ ಅಳೆಯಿರಿ

ಮದ್ದಿನ ಯಂತ್ರ, ನೀರಿನ ಪಂಪು, ಜನರೇಟರ್ ಹೀಗೆ ಎಲ್ಲದಕ್ಕೂ ಹೋಂಡಾ ಜಿಎಕ್ಸ್ 160 ಅಥವಾ ಅದೇ ಅಚ್ಚಿನ ಇಂಜಿನ್ ಬರುತ್ತದೆ. 163 ಸಿಸಿ, ಸುಮಾರು 15 ಕಿಲೋ ತೂಕ, 3600 ಆರ್‌ಪಿಎಂನಲ್ಲಿ 3.6 ಕಿಲೋವಾಟ್. ಅಮೆರಿಕದವರು ಹೆಚ್ಚಾಗಿ ಹಾಕುವ ಪ್ರೆಡೇಟರ್ 212 ಸಹ ಇದೇ ಮನೆತನದ್ದು, ಸ್ವಲ್ಪ ದೊಡ್ಡದು. ನೋಡಲು ಎಲ್ಲ ಒಂದೇ ಥರ. ಶಾಫ್ಟ್ ಮಾತ್ರ ಒಂದೇ ಥರ ಇರುವುದಿಲ್ಲ.

ಟಾರ್ಕ್ ಕನ್ವರ್ಟರಿಗೆ ಬೇಕಾದ್ದು ನೇರವಾದ, ಕೀವೇ (ಪುಲ್ಲಿ ಜಾರದಂತೆ ಕೀ ಕೂರಿಸುವ ಗೀರು) ಇರುವ, ತುದಿಯಲ್ಲಿ ಬೋಲ್ಟ್ ಹಾಕಲು ಥ್ರೆಡ್ ಮಾಡಿದ ಶಾಫ್ಟ್. ಕೆಲವು ನೀರಿನ ಪಂಪಿನ ಇಂಜಿನ್‌ಗೆ ಶಾಫ್ಟಿನ ಮೈಮೇಲೇ ಥ್ರೆಡ್ ಇರುತ್ತದೆ. ಕೆಲವು ಜನರೇಟರಿನದು ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಇನ್ನು ಕೆಲವಕ್ಕೆ ಇಂಜಿನ್ ಬದಿಯಲ್ಲೇ ವೇಗ ತಗ್ಗಿಸುವ ಗೇರ್ ಡಬ್ಬಿ ಇರುತ್ತದೆ. ಈ ಮೂರೂ ಆಗಿಬರುವುದಿಲ್ಲ.

ನೇರ ಶಾಫ್ಟ್ ಆದರೂ ವರ್ನಿಯರ್ ಹಿಡಿಯಲೇಬೇಕು. ಕಿಟ್ಟಿನ ಪುಲ್ಲಿ ಮುಕ್ಕಾಲು ಇಂಚಿನದು, ಅಂದರೆ 19.05 ಮಿ.ಮೀ. ನನ್ನ ಇಂಜಿನ್ ಶಾಫ್ಟ್ 20 ಮಿ.ಮೀ. ಇತ್ತು. ಮಾರಿದವರ ಪುಟದಲ್ಲಿ 'ಎಲ್ಲ 163 ಸಿಸಿ ಇಂಜಿನ್‌ಗೂ ಹೊಂದುತ್ತದೆ' ಅಂತ ಇತ್ತು, ನಂಬಿಬಿಟ್ಟೆ. ಒಂದು ಮಿಲಿಮೀಟರೂ ಇಲ್ಲ, ಸುತ್ತಿಗೆಯಲ್ಲಿ ಹೊಡೆದರೆ ಕೂರುತ್ತದೆ ಅನಿಸುತ್ತದೆ. ಖಂಡಿತ ಹೊಡೆಯಬೇಡಿ, ಕ್ರ್ಯಾಂಕಿನ ಬೇರಿಂಗ್ ಹೋಗುತ್ತದೆ. ಪುಲ್ಲಿ ಕೊರೆಯುವುದೂ ಬೇಡ. ಅದು ನಿಮಿಷಕ್ಕೆ 3600 ಸುತ್ತು ತಿರುಗುವ ವಸ್ತು, ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ನಡುಗುತ್ತದೆ. ಕೊನೆಗೆ ಹಳೆಯ ಇಂಜಿನ್ ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಸೇರಿಸಿ, 19.05ರ ಶಾಫ್ಟಿನ ಇನ್ನೊಂದು ತಂದೆ. ಮೇಸ್ತ್ರಿ ಇಂಜಿನ್ ಹಾಗಿರ್ಲಿ ಅಂದಿದ್ದು ಆಗ ನೆನಪಾಯಿತು.

ಹಿಂದಿನ ಚಕ್ರ

ಸೈಕಲ್ಲಿನ ಮಾಮೂಲಿ ಹಿಂದಿನ ಚಕ್ರ ಮನುಷ್ಯನ ಕಾಲಿನ ಬಲಕ್ಕೆ ಮಾಡಿದ್ದು. ಕಡ್ಡಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಬಿಗಿಯುವ ಒಂದು ಪದ್ಧತಿ ಇದೆ. ಸಣ್ಣ ಎರಡು ಸ್ಟ್ರೋಕ್ ಇಂಜಿನ್‌ಗೆ ಅದು ಹೇಗೋ ನಡೆಯುತ್ತದೆ. 163 ಸಿಸಿಯ ಎಳೆತಕ್ಕೆ ಕಡ್ಡಿಗಳು ಒಂದೊಂದೇ ಟಣ್ ಅನ್ನುತ್ತವೆ.

ನಾನು ಮಾಡಿದ್ದು ಹೀಗೆ. ಗುಜರಿಯಿಂದ ಮೊಪೆಡ್ಡಿನ ಹಿಂದಿನ ಹಬ್ (ಕಡ್ಡಿಗಳು ಸೇರುವ ಚಕ್ರದ ನಡುಭಾಗ) ತಂದೆ. ಅದಕ್ಕೆ ಡ್ರಮ್ ಬ್ರೇಕ್ ಇರುತ್ತದೆ, ಸ್ಪ್ರಾಕೆಟ್ ಬೋಲ್ಟಿನಲ್ಲಿ ಕೂರುತ್ತದೆ, ಆಕ್ಸೆಲ್ ದಪ್ಪ. ಅದಕ್ಕೆ 26 ಇಂಚಿನ ದಪ್ಪ ಉಕ್ಕಿನ ರಿಮ್ಮು, ದಪ್ಪ ಕಡ್ಡಿ ಹಾಕಿಸಿದೆ. ಇಲ್ಲಿ ತೂತು ಎಣಿಸಿಕೊಳ್ಳಿ. ಹಬ್ಬಿನಲ್ಲಿ 36 ತೂತು ಇದ್ದರೆ ರಿಮ್ಮಿನಲ್ಲೂ 36 ಬೇಕು. ನಮ್ಮ ಹಳೆಯ ಸಾದಾ ಸೈಕಲ್ಲುಗಳ ಹಿಂದಿನ ರಿಮ್ಮಿಗೆ 40 ತೂತು, ಅದು ಬರುವುದಿಲ್ಲ. ಕಡ್ಡಿ ಹಾಕಿ ಚಕ್ರದ ಔಟ್ (ಓಲಾಟ) ತೆಗೆಯುವ ಕೆಲಸವನ್ನು ಕೈಪಳಗಿದವರಿಗೇ ಕೊಡಿ. ನಾನು ಯೂಟ್ಯೂಬ್ ನೋಡಿಕೊಂಡು ಕೂತು ಒಂದು ಭಾನುವಾರ ಕಳೆದೆ. ಚಕ್ರ ಕೋಳಿಮೊಟ್ಟೆಯ ಆಕಾರಕ್ಕೆ ಬಂತು.

ಇನ್ನು ಒಂದು ಮುಖ್ಯ ಮಾತು: ಸ್ಪ್ರಾಕೆಟ್ ಎಡಕ್ಕೆ ಬರಬೇಕು. ಯಾಕೆ ಅಂದ್ರೆ ಈ ಇಂಜಿನ್‌ಗಳನ್ನು ಶಾಫ್ಟಿನ ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗೆ ತಿರುಗುತ್ತವೆ. ಮುಂದಕ್ಕೆ ಹೋಗುವ ಸೈಕಲ್ ಚಕ್ರವನ್ನು ಎಡಗಡೆಯಿಂದ ನೋಡಿ, ಅದೂ ಹಾಗೇ ತಿರುಗುತ್ತದೆ. ಬೆಲ್ಟು, ಚೈನು ಎಷ್ಟು ಹಾಕಿದರೂ ದಿಕ್ಕು ಬದಲಾಗುವುದಿಲ್ಲ. ಹಾಗಾಗಿ ಇಂಜಿನ್ ಶಾಫ್ಟ್ ಸೈಕಲ್ಲಿನ ಎಡಕ್ಕೇ ಮುಖ ಮಾಡಬೇಕು. ನಾನು ಹಗ್ಗ ಎಳೆಯಲು ಅನುಕೂಲ ಅಂತ ಮೊದಲು ಬಲಕ್ಕೆ ಇಟ್ಟು ಟ್ಯಾಕ್ (ತಾತ್ಕಾಲಿಕ ವೆಲ್ಡ್) ಹಾಕಿಸಿದ್ದೆ. ಮೇಸ್ತ್ರಿ ಏನೂ ಹೇಳದೆ ಹಾಕಿಕೊಟ್ಟರು. ಶುರು ಮಾಡಿದಾಗ ಚಕ್ರ ಹಿಂದಕ್ಕೆ ತಿರುಗಿತು. "ಚೆನ್ನಾಗಾಯ್ತು ಬಿಡಿ, ರಿವರ್ಸ್ ಗೇರ್ ಬಂತು" ಅಂದರು.

ಲೆಕ್ಕ: ಎಷ್ಟು ಹಲ್ಲಿಗೆ ಎಷ್ಟು ಹಲ್ಲು

ಈ ಭಾಗ ಹಾರಿಸಬೇಡಿ. ಬೆಲ್ಟ್ ಸುಡುವುದು ಹೆಚ್ಚಾಗಿ ಇಲ್ಲಿ ತಪ್ಪಿದವರದ್ದು.

ಮೊದಲು ಚಕ್ರದ ಸುತ್ತಳತೆ. ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೇಲೆ ಕೂತು, ಒಂದು ಸುತ್ತು ಉರುಳಿಸಿ ನೆಲದ ಮೇಲೆ ಅಳೆಯಿರಿ. ನನ್ನದು 2.07 ಮೀಟರ್ ಬಂತು.

ಈಗ ಇಂಜಿನ್ 3600 ಆರ್‌ಪಿಎಂನಲ್ಲಿದೆ, ಕಿಟ್ ಪೂರ್ತಿ ವೇಗದಲ್ಲಿದೆ ಅನ್ನಿ. 3600ನ್ನು 0.9ರಿಂದ ಭಾಗಿಸಿದರೆ ಹಿಂದಿನ ಪುಲ್ಲಿಯ ಶಾಫ್ಟ್ ತಿರುಗುವುದು 4000 ಸುತ್ತು. ಅಲ್ಲಿ 10 ಹಲ್ಲಿನ ಸ್ಪ್ರಾಕೆಟ್, ಚಕ್ರದಲ್ಲಿ 40 ಹಲ್ಲು, ಒಂದೇ ಚೈನು ಹಾಕಿದರೆ ಚಕ್ರ ತಿರುಗುವುದು 1000 ಸುತ್ತು. ಅಂದರೆ ಕಾಗದದ ಮೇಲೆ ಗಂಟೆಗೆ 124 ಕಿಲೋಮೀಟರ್! 3.6 ಕಿಲೋವಾಟ್ ಇಂಜಿನ್‌ಗೆ ಅಷ್ಟು ಓಡಿಸುವ ತಾಕತ್ತಿಲ್ಲ, ಅದು ಬೇರೆ ಮಾತು. ನಿಜವಾದ ತೊಂದರೆ ಕೆಳತುದಿಯಲ್ಲಿದೆ. ಬೆಲ್ಟ್ ಹಿಡಿಯುವುದು 2000 ಆರ್‌ಪಿಎಂನಲ್ಲಿ, ಆಗಿನ ಅನುಪಾತ 2.7 ಗುಣಿಸು 4, ಅಂದರೆ 10.8. ಆ ಹೊತ್ತಿಗೆ ಚಕ್ರ ಗಂಟೆಗೆ 23 ಕಿಲೋಮೀಟರ್ ವೇಗದಲ್ಲಿರಬೇಕು. ನಿಂತಲ್ಲಿಂದ 23ಕ್ಕೆ ಬರುವ ತನಕ ಬೆಲ್ಟ್ ಜಾರುತ್ತಲೇ ಇರುತ್ತದೆ. ಏರಿನಲ್ಲಿ ಅದು ಸುಡದೆ ಇನ್ನೇನಾಗುತ್ತದೆ?

ಪರಿಹಾರ ನಡುವೆ ಇನ್ನೊಂದು ಶಾಫ್ಟ್. ಕಿಟ್ಟಿನ 10 ಹಲ್ಲಿನಿಂದ ನಡುವಿನ ಶಾಫ್ಟಿನ 25 ಹಲ್ಲಿಗೆ ಒಂದು ಚೈನು. ಅದೇ ಶಾಫ್ಟಿನ ಇನ್ನೊಂದು 10 ಹಲ್ಲಿನಿಂದ ಚಕ್ರದ 40 ಹಲ್ಲಿಗೆ ಎರಡನೇ ಚೈನು. ಎರಡೂವರೆ ಗುಣಿಸು ನಾಲ್ಕು, ಒಟ್ಟು ಹತ್ತು. ಈಗ ನೋಡಿ: ಬೆಲ್ಟ್ ಹಿಡಿಯುವಾಗ ಅನುಪಾತ 27, ಚಕ್ರದ ವೇಗ ಗಂಟೆಗೆ 9 ಕಿಲೋಮೀಟರ್. ಅಷ್ಟು ಹೊತ್ತಿನ ಜಾರುವಿಕೆ ಬೆಲ್ಟಿಗೆ ಒಂದು ಲೆಕ್ಕವೇ ಅಲ್ಲ. ಮೇಲುತುದಿಯಲ್ಲಿ 3600ಕ್ಕೆ 50 ಕಿಲೋಮೀಟರ್ ಬರುತ್ತದೆ. ತೋಟದ ದಾರಿಗೆ ಅದೂ ಜಾಸ್ತಿ. ನಾನು ಥ್ರಾಟಲ್‌ಗೆ ತಡೆ ಕೊಟ್ಟು 2900ಕ್ಕೆ ನಿಲ್ಲಿಸಿದ್ದೇನೆ. ಅಲ್ಲಿಗೆ 40.

ಟಾರ್ಕ್ ಕನ್ವರ್ಟರ್ ಯಾಕೆ, ಬರೀ ಸೆಂಟ್ರಿಫ್ಯೂಗಲ್ ಕ್ಲಚ್ (ವೇಗ ಏರಿದಾಗ ತಾನೇ ಹಿಡಿಯುವ, ಅನುಪಾತ ಬದಲಿಸದ ಕ್ಲಚ್) ಸಾಲದಾ ಅಂತ ಕೇಳುವವರಿದ್ದಾರೆ. 1980ರಲ್ಲಿ ಬಂದ ಟಿವಿಎಸ್ 50 ಅಂಥ ಕ್ಲಚ್ಚಿನಲ್ಲೇ ಊರೂರು ತಿರುಗಿತು, ನಿಜ. ಆದರೆ ನಮ್ಮ ಇದೇ 10ರ ಅನುಪಾತಕ್ಕೆ ಬರೀ ಕ್ಲಚ್ ಹಾಕಿದರೆ, ಅದು 2000ಕ್ಕೆ ಹಿಡಿಯುವಾಗ ಚಕ್ರ 25 ಕಿಲೋಮೀಟರ್ ವೇಗದಲ್ಲಿರಬೇಕು. ಬಯಲಿಗೆ ಸರಿ, ಗುಡ್ಡಕ್ಕಲ್ಲ.

ಚೈನಿನ ವಿಷಯ ಚಿಕ್ಕದು. 420 ನಂಬರಿನದು ಸಾಕು. ಅದರ ಕೊಂಡಿಯ ಅಂತರ ಸೈಕಲ್ ಚೈನಿನಷ್ಟೇ, ಅರ್ಧ ಇಂಚು. ಅಗಲ ಮಾತ್ರ ಎರಡು ಪಟ್ಟು. ಹಾಗಾಗಿ ಸೈಕಲ್ ಚೈನು ಈ ಸ್ಪ್ರಾಕೆಟ್ಟಿಗೆ ಕೂರುವುದಿಲ್ಲ. ಅಂಗಡಿಗೆ ಹೋಗುವಾಗ ಸ್ಪ್ರಾಕೆಟ್ ಜೇಬಿನಲ್ಲಿರಲಿ.

ಫ್ರೇಮು

ಅಲ್ಯೂಮಿನಿಯಂ ಫ್ರೇಮ್ ಮುಟ್ಟಬೇಡಿ. ವೆಲ್ಡ್ ಮಾಡಿದ ಕಡೆ ಅದರ ಬಲ ಹೋಗುತ್ತದೆ, ನಡುಗಿ ನಡುಗಿ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಉಕ್ಕಿನ ಹಳೆಯ ಎಂಟಿಬಿ (ಮೌಂಟನ್ ಬೈಕ್) ಫ್ರೇಮ್ ಸಿಕ್ಕರೆ ಅದೇ ಸರಿ.

ಮುಂದಿನ ಕಷ್ಟ ಅಗಲದ್ದು. ಈ ಇಂಜಿನ್ ಒಂದಡಿಗೂ ಅಗಲ. ಪೆಡಲ್ ಕ್ರ್ಯಾಂಕಿನ ನಡುವೆ ಒಂದು ಗೇಣೂ ಜಾಗ ಇರುವುದಿಲ್ಲ. ಎರಡು ದಾರಿ ಇದೆ. ಫ್ರೇಮನ್ನು ಉದ್ದ ಮಾಡಿ ಇಂಜಿನ್ನನ್ನು ಪೆಡಲ್ ತಿರುಗುವ ಜಾಗಕ್ಕಿಂತ ಮುಂದೆ ಕೂರಿಸುವುದು ಒಂದು. ಪೆಡಲ್ ಕಿತ್ತು ಕಾಲಿಡಲು ಎರಡು ಕಡ್ಡಿ ವೆಲ್ಡ್ ಮಾಡುವುದು ಇನ್ನೊಂದು. ನಾನು ಪೆಡಲ್ ಕಿತ್ತೆ. ಪೆಡಲ್ ಇಲ್ಲದ ಮೇಲೆ ಅದ್ಯಾವ ಸೈಕಲ್ ಅಂತ ಅಣ್ಣ ಈಗಲೂ ಛೇಡಿಸುತ್ತಾನೆ. ಇರಲಿ.

ಪೆಡಲ್ ಕಿತ್ತರೂ ಫ್ರೇಮ್ ಉದ್ದ ಮಾಡಲೇಬೇಕು. ಕೆಳಗಿನ ಓರೆ ಕೊಳವೆ ಕತ್ತರಿಸಿ, 25 ಮಿ.ಮೀ. ವ್ಯಾಸ 2 ಮಿ.ಮೀ. ದಪ್ಪದ ಕೊಳವೆ ಎರಡನ್ನು ತೊಟ್ಟಿಲಿನ ಹಾಗೆ ಬಾಗಿಸಿ ಹಾಕಿಸಿದೆ. ಎರಡು ಚಕ್ರದ ಆಕ್ಸೆಲ್ ನಡುವಿನ ದೂರ 1.05 ಮೀಟರ್ ಇದ್ದದ್ದು 1.3 ಆಯಿತು. ಇದರಿಂದ ಇನ್ನೊಂದು ಲಾಭವೂ ಇದೆ. 27ರ ಅನುಪಾತದಲ್ಲಿ ಎಳೆತ ಎಷ್ಟಿರುತ್ತದೆ ಅಂದ್ರೆ, ಗಿಡ್ಡ ಗಾಡಿಯಲ್ಲಿ ಒಮ್ಮೆಲೇ ಥ್ರಾಟಲ್ ತಿರುವಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಉದ್ದವಿದ್ದಷ್ಟೂ ಅದು ಕಡಿಮೆ.

ವೆಲ್ಡಿಂಗ್ ಮಾಡುವಾಗ ಒಂದು ಎಚ್ಚರ. ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಎಲ್ಲೋ ಚಕ್ರದ ಆಕ್ಸೆಲ್ಲಿಗೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದು ಅವುಗಳ ಮೇಲೆ ಚುಕ್ಕೆ ಬೀಳುತ್ತದೆ. ಪೆಟ್ರೋಲ್ ಟ್ಯಾಂಕಿ ಅಂತೂ ಹತ್ತಿರ ಇರಲೇಬಾರದು.

ನಡುವಿನ ಶಾಫ್ಟ್, ಮತ್ತು ದಾರ

ನಡುವಿನ ಶಾಫ್ಟಿಗೆ 20 ಮಿ.ಮೀ. ಸರಳು, ಲೇತಿನಲ್ಲಿ ಕೀವೇ ಹೊಡೆಸಿದ್ದು. ಎರಡು ಕಡೆ ಯುಸಿಪಿ 204 ಪಿಲ್ಲೋ ಬ್ಲಾಕ್, ಅಂದರೆ ಬೋಲ್ಟಿನಲ್ಲಿ ಬಿಗಿಯುವ ಬೇರಿಂಗ್ ಡಬ್ಬಿ. 204 ಅಂದರೆ 20 ಮಿ.ಮೀ. ಶಾಫ್ಟಿಗೆ. ಈ ಶಾಫ್ಟನ್ನು ಫ್ರೇಮಿಗೆ ಅಲುಗಾಡದಂತೆ ಬಿಗಿದುಬಿಡಿ. ಇದು ನಮ್ಮ ಗೂಟ. ಎರಡನೇ ಚೈನು ಬಿಗಿಯಲು ಹಿಂದಿನ ಆಕ್ಸೆಲ್ ಹಿಂದಕ್ಕೆ ಜಾರುತ್ತದೆ. ಮೊದಲ ಚೈನು ಬಿಗಿಯಲು ಇಂಜಿನ್ ಮುಂದಕ್ಕೆ ಜಾರುತ್ತದೆ. ಗೂಟ ಮಾತ್ರ ಅಲುಗುವುದಿಲ್ಲ. ಈ ಸರಳ ವಿಷಯ ಗೊತ್ತಾಗದೆ ನಾನು ಮೊದಲು ಮೂರಕ್ಕೂ ಉದ್ದ ತೂತು ಕೊರೆಸಿದ್ದೆ. ಒಂದು ಸರಿ ಮಾಡಿದರೆ ಇನ್ನೊಂದು ತಪ್ಪುತ್ತಿತ್ತು.

ಈಗ ಗೆರೆ ಹಿಡಿಯುವ ಕೆಲಸ. ಮೇಸ್ತ್ರಿ ಇದಕ್ಕೆ ಗಾರೆಯವರ ದಾರ ತಂದರು. ಚಕ್ರದ ಸ್ಪ್ರಾಕೆಟ್ಟಿನ ಬದಿಗೆ ದಾರದ ಒಂದು ತುದಿಯನ್ನು ಹಿಂದಿನಿಂದ ತಾಗಿಸಿ, ಅದರ ಮೈಗೆ ಎರಡು ಕಡೆ ಅಂಟುವಂತೆ ಎಳೆದು, ಮುಂದೆ ನಡುವಿನ ಶಾಫ್ಟಿನ ತನಕ ಬಿಗಿಯಾಗಿ ತಂದರು. ಕಣ್ಣು ಮುಚ್ಚಿ ಬೆರಳಿನಲ್ಲಿ ದಾರ ಮೀಟಿ ನೋಡಿದರು. ದಾರ ಮುಂದಿನ 10 ಹಲ್ಲಿನ ಸ್ಪ್ರಾಕೆಟ್ಟಿನ ಮೈಗೂ ಹಾಗೇ ಅಂಟಬೇಕು, ಮೂಲೆಗೆ ಮಾತ್ರ ತಾಗಬಾರದು. ನನ್ನದು ಮೂಲೆಗೆ ತಾಗಿತ್ತು. "ಎರಡು ಮಿಲ್ಲಿ ಓರೆ ಇದೆ" ಅಂದರು. ವರ್ನಿಯರ್ ಇಟ್ಟು ನೋಡಿದೆ. ಎರಡೂಕಾಲು ಮಿಲ್ಲಿ. ಒಂದು ಪಿಲ್ಲೋ ಬ್ಲಾಕಿನ ಕೆಳಗೆ ತಗಡಿನ ತುಂಡು ಕೊಟ್ಟು, ಸ್ಪ್ರಾಕೆಟ್ಟನ್ನು ಸ್ವಲ್ಪ ಒಳಕ್ಕೆ ಸರಿಸಿದ ಮೇಲೆ ದಾರ ಕೂತಿತು. ಗೆರೆ ಸರಿಯಿದ್ದರೆ ಚೈನು ಸದ್ದಿಲ್ಲದೆ ಓಡುತ್ತದೆ. ತಪ್ಪಿದರೆ ಹಲ್ಲಿನ ಒಂದೇ ಬದಿ ಸವೆದು ಹೊಳೆಯುತ್ತದೆ, ಕೊನೆಗೆ ಚೈನು ಏರಿನ ನಡುವೆಯೇ ಜಿಗಿಯುತ್ತದೆ.

ಇಂಜಿನ್ ಕೂರಿಸುವುದು

ಅಂತೂ ಇಂಜಿನ್ ಸರದಿ. ತೊಟ್ಟಿಲಿನ ಮೇಲೆ 6 ಮಿ.ಮೀ. ದಪ್ಪದ ಪ್ಲೇಟ್. ಇಂಜಿನ್ ಬುಡದ ನಾಲ್ಕು ತೂತುಗಳ ಅಂತರ ಸುಮಾರು 162 ಮತ್ತು 76 ಮಿ.ಮೀ., ನಿಮ್ಮದನ್ನು ನೀವೇ ಅಳೆದುಕೊಳ್ಳಿ. ಪ್ಲೇಟಿನಲ್ಲಿ ದುಂಡು ತೂತಿನ ಬದಲು ಹಿಂದೆ ಮುಂದೆ ಜಾರಲು ಉದ್ದ ತೂತು ಬೇಕು. 8 ಮಿ.ಮೀ. ಬೋಲ್ಟು, ದಪ್ಪ ವಾಷರ್, ನೈಲಾಕ್ ನಟ್. ಆಯಿಲ್ ಇಳಿಸುವ ಬೋಲ್ಟಿನ ಕೆಳಗೆ ಪ್ಲೇಟ್ ಅಡ್ಡ ಬರದ ಹಾಗೆ ಮೂಲೆ ಕತ್ತರಿಸಿ. ಮರೆತರೆ ಪ್ರತಿ ಸಲ ಆಯಿಲ್ ಬದಲಾಯಿಸುವಾಗ ಇಂಜಿನ್ ಇಳಿಸಬೇಕು.

ಇಂಜಿನ್ ಸಮತಟ್ಟಾಗಿ ಕೂರಬೇಕು. ಚೆಂದ ಕಾಣಲಿ ಅಂತ ಓರೆ ಕೂರಿಸಬೇಡಿ. ಒಳಗೆ ಆಯಿಲ್ ಪಂಪಿಲ್ಲ, ಕೆಳಗೆ ನಿಂತ ಆಯಿಲನ್ನು ಕನೆಕ್ಟಿಂಗ್ ರಾಡಿನ ತುದಿ ಎರಚಿ ಮೇಲೆ ಹಾರಿಸುತ್ತದೆ. ಓರೆಯಾದರೆ ಆಯಿಲ್ ಒಂದು ಮೂಲೆಗೆ ಸೇರುತ್ತದೆ.

ಕಿಟ್ಟಿನ ಹಿಂಬದಿ ಪ್ಲೇಟನ್ನು ಇಂಜಿನ್ ಮೈಗೆ, ಶಾಫ್ಟಿನ ಸುತ್ತಲಿನ ನಾಲ್ಕು ತೂತಿಗೆ ಬಿಗಿಯಿರಿ. ಎರಡು ಪುಲ್ಲಿಗಳ ಅಂತರವನ್ನು ಈ ಪ್ಲೇಟೇ ನಿರ್ಧರಿಸುತ್ತದೆ, ಬೆಲ್ಟಿಗೆ ಅಂತ ಬೇರೆ ಬಿಗಿ ಮಾಡುವ ಕೆಲಸ ಇಲ್ಲ. ಹಿಂದಿನ ಪುಲ್ಲಿ ಇಂಜಿನ್ನಿನ ಹಿಂಭಾಗಕ್ಕೆ, ಚಕ್ರದ ಕಡೆಗೆ ಬರಲಿ.

ಮುಂದಿನ ಪುಲ್ಲಿ ಕೂರಿಸುವ ಮೊದಲು ಶಾಫ್ಟನ್ನು ಸಣ್ಣ ಮರಳುಕಾಗದದಲ್ಲಿ ಒರೆಸಿ ತುಕ್ಕು ತೆಗೆಯಿರಿ. ಕೀ ಇಟ್ಟು, ಒಳಗಿನ ತಟ್ಟೆ ಕೈಯಲ್ಲೇ ತಳ್ಳಿದರೆ ಹೋಗಬೇಕು. ಬೆಲ್ಟ್ ಹಾಕಿ, ಆಮೇಲೆ ಹೊರಗಿನ ಭಾಗ. ತುದಿಯ ಬೋಲ್ಟಿಗೆ ಥ್ರೆಡ್ ಲಾಕರ್ ಹನಿ ಹಾಕಿ ಬಿಗಿಯಿರಿ.

ಬೆಲ್ಟ್ ಹಾಕುವಾಗ ಒಂದು ನಿಮಿಷ ನಿಲ್ಲಿ. 30 ಸರಣಿಯ ಬೆಲ್ಟಿಗೆ ಎರಡು ಬದಿಯೂ ಒಂದೇ ಥರ ಇರುವುದಿಲ್ಲ. ಒಂದು ಬದಿ ನೇರ, ಇನ್ನೊಂದು ಓರೆ. ನೇರ ಬದಿ ಇಂಜಿನ್ ಕಡೆಗೆ ಇರಬೇಕು. ಪುಲ್ಲಿಯ ಒಳತಟ್ಟೆಯೂ ಹಾಗೇ ಚಪ್ಪಟೆ. ನಾನು ಸ್ಕೂಟರ್ ಬೆಲ್ಟಿನ ಹಾಗೆ ಹೇಗೆ ಹಾಕಿದರೂ ಆಗುತ್ತೆ ಅಂದುಕೊಂಡೆ. ಮೊದಲ ದಿನ ಟ್ಯಾಂಕಿಯ ತನಕ ಚೆನ್ನಾಗೇ ಹೋಯಿತು. ಇಳಿದು ಬಂದು ಎರಡನೇ ಸಲ ಏರುವಾಗ ಸುಟ್ಟ ರಬ್ಬರ್ ವಾಸನೆ, ಆಮೇಲೆ ಕಪ್ಪು ಹುಡಿ, ಆಮೇಲೆ ಇಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ನಿಂತಿದೆ. ಬಿಚ್ಚಿದರೆ ಬೆಲ್ಟಿನ ಒಂದು ಬದಿ ಇಲಿ ತಿಂದ ಹಾಗಾಗಿತ್ತು.

ಪುಲ್ಲಿಯ ತಟ್ಟೆಗಳಿಗೆ ಗ್ರೀಸು, ಎಣ್ಣೆ ಯಾವುದೂ ತಾಗಬಾರದು. ಜಾರುವ ಬುಶ್ಶಿಗೆ ಒಣ ಗ್ರಾಫೈಟ್ ಥರದ್ದು ಸ್ವಲ್ಪ ಸಾಕು. ಎಲ್ಲ ಮುಗಿದ ಮೇಲೆ ಬೆಲ್ಟಿನ ಮೇಲೆ ತಗಡಿನ ಕವರ್ ಹಾಕಿಯೇ ಶುರು ಮಾಡಿ. ಲುಂಗಿ ಉಟ್ಟು ಹತ್ತುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೇಕು, ಥ್ರಾಟಲ್, ನಿಲ್ಲಿಸುವ ಸ್ವಿಚ್

ಗಾಡಿ ಏರುವುದಕ್ಕಿಂತ ಇಳಿಯುವುದು ದೊಡ್ಡ ಕೆಲಸ. ಗೇರಿನ ಬೈಕಿನಲ್ಲಿ ಇಳಿಜಾರಿಗೆ ಸೆಕೆಂಡ್ ಗೇರ್ ಹಾಕಿದರೆ ಇಂಜಿನ್ನೇ ಹಿಡಿದಿಡುತ್ತದೆ. ಇಲ್ಲಿ ಹಾಗಲ್ಲ. ಥ್ರಾಟಲ್ ಬಿಟ್ಟು ವೇಗ ಇಳಿದ ಕೂಡಲೇ ಬೆಲ್ಟ್ ಸಡಿಲವಾಗುತ್ತದೆ, ಆಮೇಲೆ ಗಾಡಿ ಸುಮ್ನೆ ಉರುಳುತ್ತದೆ. ಪೂರ್ತಿ ಭಾರ ಬ್ರೇಕಿನ ಮೇಲೆ. ನನ್ನ ಗಾಡಿ ಈಗ 52 ಕಿಲೋ, ಮೇಲೆ ನಾನು. ರಿಮ್ಮನ್ನು ಒತ್ತುವ ಸೈಕಲ್ ಬ್ರೇಕು ಮಳೆಗಾಲದಲ್ಲಿ ಇದನ್ನು ನಿಲ್ಲಿಸುವುದಿಲ್ಲ. ಹಿಂದೆ ಮೊಪೆಡ್ಡಿನ ಡ್ರಮ್, ಮುಂದೆ 180 ಮಿ.ಮೀ. ಡಿಸ್ಕ್ ಹಾಕಿದ್ದೇನೆ. ಡ್ರಮ್ ಪ್ಲೇಟಿನ ತಡೆಪಟ್ಟಿಯನ್ನು ಫ್ರೇಮಿಗೆ ಬೋಲ್ಟ್ ಹಾಕಿ ಬಿಗಿಯಲು ಮರೆಯಬೇಡಿ. ಮರೆತರೆ ಮೊದಲ ಬ್ರೇಕಿಗೇ ಪ್ಲೇಟ್ ಸಮೇತ ತಿರುಗಿ ಕೇಬಲ್ ಕಿತ್ತುಬರುತ್ತದೆ.

ಥ್ರಾಟಲ್ ಕೇಬಲನ್ನು ಗವರ್ನರ್ (ಇಂಜಿನ್ ವೇಗ ಮಿತಿ ಮೀರದಂತೆ ತಡೆಯುವ ಭಾಗ) ಲಿವರಿಗೆ ಜೋಡಿಸಿ. ಗವರ್ನರ್ ತಪ್ಪಿಸಿ ನೇರ ಕಾರ್ಬುರೇಟರಿಗೆ ಕಟ್ಟಿದರೆ ಇಂಜಿನ್ 5000 ದಾಟುತ್ತದೆ, ಹುಡುಗರು ಹಾಗೇ ಮಾಡುತ್ತಾರೆ. ಈ ಇಂಜಿನ್ನಿನ ಫ್ಲೈವೀಲ್, ಕನೆಕ್ಟಿಂಗ್ ರಾಡ್ ಅಷ್ಟಕ್ಕೆ ಮಾಡಿದ್ದಲ್ಲ. ಎರಕದ ಫ್ಲೈವೀಲ್ ಸಿಡಿದರೆ ಅದು ನಿಮ್ಮ ತೊಡೆಯ ಪಕ್ಕದಲ್ಲೇ ಸಿಡಿಯುವುದು. ಗವರ್ನರ್ ಇರಲಿ ಬಿಡಿ.

ನಿಲ್ಲಿಸುವ ಸ್ವಿಚ್ ಸುಲಭ. ಇಗ್ನಿಷನ್ ಕಾಯಿಲಿನಿಂದ ಬರುವ ತಂತಿ ಇಂಜಿನ್ ಮೈಗೆ ತಾಗಿದರೆ ಕಿಡಿ ನಿಲ್ಲುತ್ತದೆ. ಅದನ್ನು ಹ್ಯಾಂಡಲಿನ ತನಕ ಎಳೆದು ಮೊಪೆಡ್ಡಿನ ಗುಂಡಿ ಹಾಕಿ. ಪೆಟ್ರೋಲ್ ಟ್ಯಾಂಕಿ ಇಂಜಿನ್ ಮೇಲೆ ಇದ್ದದ್ದು ಅಲ್ಲೇ ಇರಲಿ. ಸೈಲೆನ್ಸರಿಗೆ ಜಾಲರಿ ಹಾಕಿ, ಕಾಲು ಸುಡುತ್ತದೆ.

ಮೊದಲ ಸಲ ಶುರು ಮಾಡುವಾಗ

ಹೊಸ ಇಂಜಿನ್ ಬರುವಾಗ ಒಳಗೆ ಆಯಿಲ್ ಇರುವುದಿಲ್ಲ. ಸುಮಾರು 600 ಮಿ.ಲೀ. 10ಡಬ್ಲ್ಯೂ30 ಹಾಕಿ, ಆಯಿಲ್ ಅಳೆಯುವ ಕಡ್ಡಿ ಅದ್ದಿ ನೋಡಿ, ಆಮೇಲೆ ಹಗ್ಗಕ್ಕೆ ಕೈಹಾಕಿ.

ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎದುರಿಗೆ, ಚಕ್ರದ ಹಿಂದೆ ಯಾರೂ ಬೇಡ. ಐಡಲ್, ಅಂದರೆ ಥ್ರಾಟಲ್ ಕೊಡದೆ ಇಂಜಿನ್ ತಿರುಗುವ ವೇಗ, 1400 ಆರ್‌ಪಿಎಂ ಆಸುಪಾಸು ಇರಲಿ. ಆಗ ಚಕ್ರ ನಿಂತಿರಬೇಕು, ಅಥವಾ ಕೈಯಲ್ಲಿ ಬ್ರೇಕ್ ಒತ್ತಿದರೆ ನಿಲ್ಲುವಷ್ಟು ಸೋಮಾರಿಯಾಗಿ ತಿರುಗಬೇಕು. ಜೋರಾಗಿ ತಿರುಗಿದರೆ ಐಡಲ್ ಹೆಚ್ಚಿದೆ ಅಂತ ಅರ್ಥ. ನಿಧಾನಕ್ಕೆ ಥ್ರಾಟಲ್ ಕೊಟ್ಟು ಬೆಲ್ಟ್ ಏರುವುದನ್ನು ದೂರದಿಂದ ನೋಡಿ. ಥ್ರಾಟಲ್ ಬಿಟ್ಟರೆ ಟಪ್ ಅಂತ ವಾಪಸ್ ಬರಬೇಕು. ಬರದಿದ್ದರೆ ಕೇಬಲ್ ಎಲ್ಲೋ ಮಡಚಿದೆ, ಅದು ಸರಿಯಾಗುವ ತನಕ ಹತ್ತಬೇಡಿ.

ಮೊದಲ ಅರ್ಧ ಗಂಟೆ ಸಮತಟ್ಟು ಜಾಗದಲ್ಲಿ, ವೇಗ ಏರಿಸುತ್ತ ಇಳಿಸುತ್ತ ಓಡಿಸಿ. ಬೆಲ್ಟಿನ ಹೊಸ ಮೈ ತಟ್ಟೆಗಳಿಗೆ ಒಗ್ಗಬೇಕು. ನಾನು ಕಣದಲ್ಲಿ ಸುತ್ತು ಹಾಕಿದೆ, ಅಡಿಕೆ ಹರವಿದ್ದಾರೆ ಅಂತ ಅಮ್ಮ ಬೈದ ಮೇಲೆ ಗದ್ದೆಗಿಳಿದೆ. ನಿಲ್ಲಿಸಿದ ಮೇಲೆ ಕವರ್ ತೆಗೆದು, ಸ್ವಲ್ಪ ತಣಿದ ನಂತರ ಬೆಲ್ಟ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಬೆರಳಿಡಲಾಗದಷ್ಟು ಬಿಸಿ ಇದ್ದರೆ ಲೆಕ್ಕ ತಪ್ಪಿದೆ, ಹಲ್ಲುಗಳನ್ನು ಮತ್ತೆ ಎಣಿಸಿ. ಆಗಲೇ ಎಲ್ಲ ಬೋಲ್ಟುಗಳನ್ನೂ ಒಂದು ಸಲ ಬಿಗಿಯಿರಿ. ಒಂದೇ ಸಿಲಿಂಡರಿನ ಇಂಜಿನ್ ನಡುಗಿಸಿ ನಡುಗಿಸಿ ನಟ್ ಸಡಿಲಿಸುವುದರಲ್ಲಿ ಎತ್ತಿದ ಕೈ. ನನ್ನದರಲ್ಲಿ ಮೊದಲ ವಾರ ಎರಡು ಕಳೆದುಹೋದವು, ಒಂದು ಕಣದಲ್ಲಿ ಸಿಕ್ಕಿತು.

ಹೊಸ ಚೈನು ಮೊದಲ ಕೆಲವು ದಿನ ಉದ್ದವಾಗುತ್ತದೆ. ನಡುವೆ ಬೆರಳಿನಲ್ಲಿ ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ಆಡಬೇಕು. ಗೂಟ ಮುಟ್ಟಬೇಡಿ. ಹಿಂದಿನದಕ್ಕೆ ಆಕ್ಸೆಲ್, ಮುಂದಿನದಕ್ಕೆ ಇಂಜಿನ್. ಬಿಗಿ ಮಾಡಿದ ಪ್ರತಿ ಸಲವೂ ದಾರ ಹಿಡಿದು ನೋಡುವುದು ಒಳ್ಳೆಯದು. ನಮ್ಮ ಗಾಡಿಯ ಸೀಟಿನ ಕೆಳಗೆ ಒಂದು ಹೊಸ ಬೆಲ್ಟು, ಅರ್ಧ ಇಂಚಿನ ಸ್ಪ್ಯಾನರ್, ಮತ್ತು ಮೇಸ್ತ್ರಿಯ ಅಂಗಡಿಯಿಂದ ಎತ್ತಿಕೊಂಡು ಬಂದ ಅದೇ ಗಾರೆ ದಾರದ ಉಂಡೆ ಇದೆ. ಕೇಳಿದರೆ ಕೊಡುತ್ತಿದ್ದರು, ಆದರೂ ಕೇಳಲಿಲ್ಲ.